ಮೂರು ದಾರಿ ಕೂಡುವಲ್ಲಿ ಒಂದು ಸೆನ್ಸರ್

ಬಸವಪ್ರಭು ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದಕ್ಕೆ ಅವಕಾಶ ಸಿಗುತ್ತದೋ ಇಲ್ಲವೋ. ಕ್ಯಾತ್ಸಂದ್ರದಲ್ಲಿ ನನ್ನ ಪಕ್ಕದ ಮನೆಯವನು. ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಯಾರ ತಂಟೆಗೂ ಹೋಗುವವನಲ್ಲ, ಯಂತ್ರಗಳ ತಂಟೆಯೊಂದು ಬಿಟ್ಟು. ಅವನ ಮನೆಯಲ್ಲಿ ಮಿಕ್ಸಿ ಇದೆ, ಶಬ್ದ ಮಾಡುತ್ತದೆ, ತಿರುಗುವುದಿಲ್ಲ. ಸೀಲಿಂಗ್ ಫ್ಯಾನ್ ಇದೆ, ತಿರುಗುತ್ತದೆ, ಗಾಳಿಯನ್ನು ಮಾತ್ರ ಮೇಲಕ್ಕೆ ಕಳಿಸುತ್ತದೆ. ಎರಡನ್ನೂ ಅವನೇ ರಿಪೇರಿ ಮಾಡಿದ್ದು.

ಇಂಥವನ ಹತ್ತಿರ ಒಂದು ಕಾರೂ ಇತ್ತು. ಬಿಳಿ ಬಣ್ಣದ್ದು, ಹನ್ನೆರಡು ವರ್ಷ ಹಳೆಯದು. ನಮ್ಮ ಅಡ್ಡರಸ್ತೆ ತೀರ ಇಕ್ಕಟ್ಟಾದ್ದರಿಂದ ಅದು ಬೀದಿಯ ತುದಿಯಲ್ಲಿ, ಮೂರು ದಾರಿ ಕೂಡುವ ಕಡೆ, ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಬಸವಪ್ರಭು ಅದಕ್ಕೆ ಕೈ ಹಾಕದಂತೆ ಅವನ ಹೆಂಡತಿ ಮಧುಶ್ರೀ ಆಣೆ ಮಾಡಿಸಿಕೊಂಡಿದ್ದಳು. "ಕಾರಿನ ಬಾನೆಟ್ ತೆಗೆದ್ರೋ, ನಾನು ಗುಬ್ಬಿಗೆ ಹೊರಟೆ ಅಂತ ತಿಳ್ಕೊಳ್ಳಿ" ಅಂದಿದ್ದಳು. ಗುಬ್ಬಿ ಅವಳ ತವರು.

ಆ ತವರಿನಲ್ಲಿ ಅವಳ ತಂದೆ ಮಹಾದೇವಯ್ಯನವರಿದ್ದರು. ನಿವೃತ್ತ ಹೆಡ್‌ಮಾಸ್ಟರು, ವಿಜ್ಞಾನದ ಮೇಷ್ಟ್ರು. ಅವರ ಕಾಲದಲ್ಲಿ ಪ್ರೇಯರ್ ಬೆಲ್ ಹೊಡೆದ ಮೇಲೆ ಬಂದ ಹುಡುಗ ಗೇಟಿನ ಹೊರಗೇ ಏಟಿಗೆ ಕೈ ಚಾಚಿ ನಿಲ್ಲಬೇಕಿತ್ತು. ಕುಣಿಗಲ್ ತಾಲ್ಲೂಕಿನಲ್ಲಿ ಅವರ ಕೈಯಲ್ಲಿ ಹೊಡೆತ ತಿನ್ನದೆ ಎಸ್ಸೆಸ್ಸೆಲ್ಸಿ ದಾಟಿದವರನ್ನು ನಾನಂತೂ ಕಂಡಿಲ್ಲ. ಅವರಿಂದ ಹೊಡೆತ ತಿಂದ ಒಂದು ಬ್ಯಾಚಿನವರು, ಈಗ ಐವತ್ತರ ಹತ್ತಿರ ಬಂದವರು, ವಾಟ್ಸಾಪಿನಲ್ಲಿ ಒಂದುಗೂಡಿ ಅವರಿಗೆ ಗುರುವಂದನೆ ಮಾಡಬೇಕೆಂದು ನಿಶ್ಚಯಿಸಿದರು. ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪ, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. "ಅವತ್ತು ಅಮಾವಾಸ್ಯೆ ಬೀಳ್ತದೆ ಸಾರ್, ಮುಂದಿನ ವಾರ ಇಟ್ಕೊಳ್ಳೋಣ" ಅಂತ ಯಾರೋ ಹೇಳಿದ್ದಕ್ಕೆ ಮೇಷ್ಟ್ರು, "ಹಂಗಾದ್ರೆ ಅವತ್ತೇ ಇರ್ಲಿ" ಅಂದರಂತೆ.

ಶಿಷ್ಯರು ಗುಬ್ಬಿಗೆ ಕಾರು ಕಳಿಸುತ್ತೇವೆ ಅಂದರು. ಆಗ ಮಾವನ ಪಕ್ಕದಲ್ಲೇ ಕೂತಿದ್ದ ಬಸವಪ್ರಭು ಫೋನು ಇಸಿದುಕೊಂಡು, "ಮನೇಲಿ ಕಾರಿರೋವಾಗ ನಿಮಗ್ಯಾಕೆ ತೊಂದ್ರೆ? ಎಂಟಕ್ಕೆ ನಾನು ಗುಬ್ಬೀಲಿರ್ತೀನಿ, ಹನ್ನೊಂದಕ್ಕೆ ಮಾವ ನಿಮ್ಮ ಸ್ಟೇಜ್ ಮೇಲಿರ್ತಾರೆ. ಅದು ನನ್ನ ಜವಾಬ್ದಾರಿ" ಅಂದುಬಿಟ್ಟ. ಮಧುಶ್ರೀ ಅಡುಗೆಮನೆಯಿಂದ ಇಣುಕಿ ನೋಡಿದಳಂತೆ.

ಗುರುವಾರ ಕಾರಿನ ಬುದ್ಧಿ ಕೆಟ್ಟಿತು. ಕೀ ತಿರುಗಿಸಿದ ಕೂಡಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೆಟ್ಟಗೆ ಕೆಂಪು ಗೆರೆಗೆ ಹೋಗಿ ನಿಂತಿತು, ಮುಂದಿನ ಫ್ಯಾನು ಭರ್ರೋ ಅಂತ ಶುರುವಾಯಿತು. ಇಡೀ ರಾತ್ರಿ ನಿಂತಿದ್ದ ಗಾಡಿ, ಮುಟ್ಟಿದರೆ ತಣ್ಣಗಿದೆ! ಗ್ಯಾರೇಜಿನ ಅಂಜನ್‌ಕುಮಾರ್ ಎರಡು ನಿಮಿಷ ನೋಡಿ ಹೇಳಿದ: "ಎಂಜಿನ್ ಸರಿಯಾಗೈತೆ ಸಾರ್. ನೀರು ಎಷ್ಟು ಬಿಸಿಯಾಗೈತೆ ಅಂತ ಹೇಳೋ ಸೆನ್ಸರ್ ಹೋಗೈತೆ. ಅದು ಸುಳ್ಳು ಹೇಳ್ತಾ ಐತೆ."

"ಹಂಗೇ ಓಡಿಸ್ಬೋದಾ?"

"ಮಾರ್ಕೆಟ್‌ಗೆ ಓಡಿಸ್ಬೋದು. ಕುಣಿಗಲ್‌ಗೆ ಬ್ಯಾಡ. ನಿಜವಾಗ್ಲೂ ಕಾದಾಗ ನಿಮಗೆ ಗೊತ್ತಾಗಲ್ಲ, ಒಂದ್ಸಲ ಆಫ್ ಆದ್ರೆ ತಿರ್ಗಾ ಸ್ಟಾರ್ಟೂ ಆಗಲ್ಲ. ಬದಲಾಯ್ಸೋದು ಅರ್ಧ ಗಂಟೆ ಕೆಲಸ. ಆದ್ರೆ ನಾನು ಇವತ್ತು ತಂಗಿ ಮದುವೆಗೆ ಹೊಂಟಿದೀನಿ ಸಾರ್, ಸೋಮವಾರ ಬನ್ನಿ."

ಬಸವಪ್ರಭುವಿನ ಕಿವಿಗೆ ಬಿದ್ದಿದ್ದು ಅರ್ಧ ಗಂಟೆ ಅನ್ನುವುದು ಮಾತ್ರ. ಬಿ.ಎಚ್. ರಸ್ತೆಯಲ್ಲಿ ಹೊಸ ಸೆನ್ಸರನ್ನೂ ಒಂದು ಕ್ಯಾನ್ ಕೂಲೆಂಟನ್ನೂ ಕೊಂಡು, ಮೊಬೈಲಿನಲ್ಲಿ ಹಿಂದಿ ವಿಡಿಯೋ ಒಂದನ್ನು ನಾಲ್ಕು ಸಲ ನೋಡಿದ. ಅವನಿಗೆ ಹಿಂದಿ ಬರುವುದಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆ, "ಸ್ಪ್ಯಾನರ್ ತಿರುಗಿಸೋಕೆ ಭಾಷೆ ಯಾಕೆ?" ಅಂದ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಬೀದಿ ಇನ್ನೂ ಮುಸುಕು ತೆಗೆಯುವ ಮುಂಚೆ, ಅವನು ಹೊಂಗೆ ಮರದ ಕೆಳಗಿದ್ದ. ಜೊತೆಗೆ ಏನೇನು ತಂದಿದ್ದ ಅನ್ನುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ, ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ. ಸಣ್ಣಪುಟ್ಟ ಸಾಮಾನು ಉರುಳಿ ಹೋಗದಿರಲಿ ಅಂತ ಒಂದು ತೆಂಗಿನ ಚಿಪ್ಪು. ಕೈ ಒರೆಸಿಕೊಳ್ಳಲು ಒಂದು ಅರಿಶಿನ ಬಣ್ಣದ ರವಿಕೆ ಕಣ. ಯಾರೋ ತಾಂಬೂಲದ ಜೊತೆ ಕೊಟ್ಟದ್ದು, ಅಂಥವು ಯಾರ ಮನೆಯಲ್ಲಿ ಇಲ್ಲ ಹೇಳಿ. ರಿಪೇರಿ ಆದ ಮೇಲೆ ಚಕ್ರದ ಕೆಳಗಿಡಲು ಒಂದು ನಿಂಬೆಹಣ್ಣು.

ಹಳೆಯ ಸೆನ್ಸರ್ ಬಿಚ್ಚುತ್ತಿದ್ದಂತೆ ತೂತಿನಿಂದ ಕೂಲೆಂಟ್ ಚಿಮ್ಮಿತು. ಈ ಕೂಲೆಂಟ್ ಅನ್ನುವುದು ಎಂಜಿನ್ ತಣ್ಣಗಿಡುವ ನೀರು, ಬೇರೆ ಗಾಡಿಗಳಲ್ಲಿ ಹಸಿರಾಗಿರುವುದೂ ಉಂಟು, ಇವನ ಗಾಡಿಯಲ್ಲಿ ರಕ್ತಗೆಂಪಾಗಿತ್ತು. ಅವನ ಎರಡು ಕೈಯೂ ಮೂರು ದಾರಿಯೂ ತೊಳೆದರೂ ಹೋಗದಂತೆ ಕೆಂಪಾದವು. ಹೊಸ ಸೆನ್ಸರ್ ಇದ್ದ ಚಿಪ್ಪು ಕಾಲು ತಾಗಿ ಉರುಳಿ, ಹೊಸದು ಆ ಕೆಂಪು ನೀರಿನಲ್ಲಿ, ಗ್ರೀಸಿನಲ್ಲಿ, ಮಣ್ಣಿನಲ್ಲಿ ಹೊರಳಾಡಿತು. ಅದನ್ನೆತ್ತಿ ಮತ್ತೆ ಚಿಪ್ಪಿನಲ್ಲಿಟ್ಟ.

ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಇನ್ನು ಮುಂದಿನದು ಬಸವಪ್ರಭು ಮಾತ್ರ ಮಾಡಬಲ್ಲದ್ದು. ಬಿಚ್ಚಿದ ಹಳೆಯ ಸೆನ್ಸರನ್ನು ಮಾವನಿಗೆ ತೋರಿಸಬೇಕು, ವಿಜ್ಞಾನದ ಮೇಷ್ಟ್ರು ಬೆನ್ನು ತಟ್ಟಬೇಕು ಅಂತ ಅವನಿಗೆ ಆಸೆಯಾಯಿತು. ಆದರೆ ಅದು ಹಿತ್ತಾಳೆಯದು, ಕಪ್ಪಾಗಿತ್ತು. ಕಪ್ಪಾದ ಹಿತ್ತಾಳೆಯನ್ನು ಹಿರಿಯರ ಕೈಗೆ ಕೊಡುವುದುಂಟೇ? ಹಿತ್ತಿಲಿಗೆ ಓಡಿ, ಅಮಾವಾಸ್ಯೆ ಪೂಜೆಯ ದೀಪಗಳಿಗೆಂದು ಮಧುಶ್ರೀ ನೆನೆಹಾಕಿದ್ದ ಹುಣಸೆಹಣ್ಣಿನಲ್ಲಿ ಅದನ್ನು ಚೆನ್ನಾಗಿ ಉಜ್ಜಿ, ತೊಳೆದು, ಪಳಪಳ ಹೊಳೆಯಿಸಿಕೊಂಡು ಬಂದು ಚಿಪ್ಪಿನ ಪಕ್ಕ ಇಟ್ಟ. ಅಷ್ಟರಲ್ಲಿ ಬಚ್ಚಲಿನಿಂದ ಮಧುಶ್ರೀ, "ರೀ, ಎಲ್ಲಿದೀರಾ? ಒಲೆ ಮೇಲೆ ಹಾಲಿದೆ, ನೋಡ್ರೀ!" ಅಂತ ಕೂಗಿದಳು. ಓಡಿ ಹೋಗಿ ಹಾಲಿಳಿಸಿ ಬಂದ. ಬಂದು ನೋಡಿದರೆ ಎರಡು ಸೆನ್ಸರು. ಒಂದು ಹೊಳೆಯುತ್ತಿದೆ, ಒಂದು ಕೊಳಕಾಗಿದೆ. ಯಾವುದು ಹೊಸದು?

ನೀವಾಗಿದ್ದರೂ ಹೊಳೆಯುವುದನ್ನೇ ಹಾಕುತ್ತಿದ್ದಿರಿ.

ಹಾಕಿದ, ಬಿಗಿ ಮಾಡಿದ, ಕೂಲೆಂಟ್ ತುಂಬಿದ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೆದ್ದಾರಿ ಕಡೆ ಹೊರಟ. ಚಿಪ್ಪು, ರವಿಕೆ ಕಣ ಆಮೇಲೆ ಎತ್ತಿಕೊಂಡರಾಯಿತು ಅಂದುಕೊಂಡ. ಹೆದ್ದಾರಿ ಮುಟ್ಟುವ ಮುಂಚೆಯೇ ಮುಳ್ಳು ಮತ್ತೆ ಕೆಂಪು ಗೆರೆಯಲ್ಲಿತ್ತು. ಒಂದು ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಎಂಜಿನ್ ಆಫ್ ಮಾಡದೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದ. ಸೆನ್ಸರಿನ ತಿರುಪಿನ ಗೆರೆಯಲ್ಲಿ ಒಂದು ಹುಣಸೆ ನಾರು ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು.

ಅಂಗಡಿಯಿಂದ ಬಂದ ಹೊಸ ಸಾಮಾನಿನಲ್ಲಿ ಹುಣಸೆ ನಾರು ಇರುವುದಿಲ್ಲ ಅನ್ನುವಷ್ಟು ಅವನಿಗೂ ಗೊತ್ತಿತ್ತು. ಗಾಡಿ ತಿರುಗಿಸಿದ. ಭರ್ರೆನ್ನುವ ಫ್ಯಾನಿನೊಂದಿಗೆ ಬಂದು, ದೂರದಲ್ಲೇ ಜನ ಸೇರಿದ್ದು ಕಂಡು, ಕಾರನ್ನು ಹಿಂದಿನ ಬೀದಿಯಲ್ಲಿ ಬಿಟ್ಟು ನಡೆದು ಬಂದ. ಆಗ ಏಳು ಗಂಟೆ.

ಆ ಜನರಲ್ಲಿ ನಾನೂ ಇದ್ದೆ.

ಮೊದಲು ಕಂಡವರು ಮೂಲೆ ಮನೆಯ ದೊಡ್ಡಗಂಗಮ್ಮ. ಹೂ ಕೀಳಲು ಬಂದವರು ಕಿರುಚಿದ ರೀತಿಗೆ ನಾನು ಹಲ್ಲುಜ್ಜುವ ಬ್ರಷ್ ಸಮೇತ ಓಡಿ ಬಂದಿದ್ದೆ. ಅಮಾವಾಸ್ಯೆ, ಮೂರು ದಾರಿ, ರಕ್ತದ ಮಡು, ಅರಿಶಿನದ ಬಟ್ಟೆ, ಅಪ್ಪಚ್ಚಿಯಾದ ನಿಂಬೆಹಣ್ಣು, ತೆಂಗಿನ ಚಿಪ್ಪು. ಚಿಪ್ಪಿನೊಳಗೆ ಒಂದು ಗೊಂಬೆ!

"ನೋಡ್ರಪ್ಪ, ನೋಡ್ರಪ್ಪ," ದೊಡ್ಡಗಂಗಮ್ಮ ದೂರದಿಂದಲೇ ಬೆರಳು ತೋರಿಸುತ್ತಿದ್ದರು, "ಹಿತ್ತಾಳೆ ಗೊಂಬೆ ಕಣ್ರಪ್ಪ. ತಲೆ ಕರ್ರಗೈತೆ. ಒಳಗೆ ಎರಡು ಕಣ್ಣು ಮಿಣಮಿಣ ಅಂತವೆ. ಸೊಂಟಕ್ಕೆ ತಾಮ್ರದ ಉಡಿದಾರ ಬೇರೆ ಕಟ್ಟವ್ರೆ. ಕೇರಳದ ಕೆಲಸ ಇದು. ನಮ್ ಕಡೆಯೋರಿಗೆ ಇಷ್ಟು ನೀಟಾಗಿ ಬರಲ್ಲ."

ಈಗ ಮುಖ್ಯ ಪ್ರಶ್ನೆ, ಮಾಟ ಯಾರ ಮೇಲೆ ಮಾಡಿಸಿದ್ದು? ಬಡಾವಣೆ ಸಂಘದ ಕಾರ್ಯದರ್ಶಿ ಜಯಪ್ರಕಾಶ್ ಗಂಟಲು ಸರಿ ಮಾಡಿಕೊಂಡರು. "ಇದರಲ್ಲಿ ಡೌಟೇ ಇಲ್ಲ. ನನ್ನ ಮೇಲೆ. ಎರಡನೇ ಫ್ಲೋರ್ ಹಾಕಿದಾಗಿಂದ ಎಲ್ರ ಕಣ್ಣೂ ನನ್ನ ಮನೆ ಮೇಲೇ."

"ನಿಮ್ ಫ್ಲೋರ್ ನೋಡಿ ಯಾರಪ್ಪ ಹೊಟ್ಟೆ ಉರ್ಕೋತಾರೆ? ಪ್ಲಾಸ್ಟರೇ ಆಗಿಲ್ಲ," ದೊಡ್ಡಗಂಗಮ್ಮ ಬಿಡಲಿಲ್ಲ. "ನನ್ ಮೊಮ್ಮಗಳಿಗೆ ಮೆಡಿಕಲ್ ಸೀಟ್ ಸಿಕ್ಕೈತೆ. ಫ್ರೀ ಸೀಟು. ಮಾಡ್ಸಿದ್ರೆ ನಮ್ ಮೇಲೆ ಮಾಡ್ಸಿರ್ಬೇಕು, ಬುಡಿ."

ಸತ್ಯ ಹೇಳುತ್ತೇನೆ, ನನಗೂ ಒಳಗೊಳಗೇ ಖಾತ್ರಿಯಾಗಿತ್ತು. ಎರಡು ತಿಂಗಳಿಂದ ನನ್ನ ಎಡ ಮಂಡಿ ಯಾಕೆ ನೋಯುತ್ತಿದೆ ಅನ್ನುವುದು ಅವತ್ತು ಸ್ಪಷ್ಟವಾಯಿತು. ಹತ್ತು ನಿಮಿಷದಲ್ಲಿ ಆ ಮಾಟಕ್ಕೆ ಏಳು ಮನೆಯವರು ಹಕ್ಕು ಸಾಧಿಸಿದರು. ಯಾವ ಶತ್ರುವೂ ಇಲ್ಲದ ಎದುರು ಮನೆಯ ದಂಪತಿ ಮಾತ್ರ ತಲೆ ತಗ್ಗಿಸಿ ನಿಂತಿದ್ದರು.

ಜನರ ಹಿಂದೆ ಬಂದು ನಿಂತ ಬಸವಪ್ರಭು, ಅದು ನನ್ನದು ಅನ್ನಲು ಬಾಯಿ ತೆರೆದನಂತೆ. ಅದೇ ಹೊತ್ತಿಗೆ ಜಯಪ್ರಕಾಶ್, "ಮಾಡ್ದೋನು ಕೈಗೆ ಸಿಗ್ಲಿ, ಇದೇ ಮರಕ್ಕೆ ಕಟ್ಟಿಹಾಕ್ತೀನಿ" ಅಂದರು. ಎದುರಿಗೆ ಮಧುಶ್ರೀಯೂ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದಳು. ಬಸವಪ್ರಭು ತೆರೆದ ಬಾಯಿಂದ ಆಕಳಿಸಿಬಿಟ್ಟ.

ಅಷ್ಟು ಹೊತ್ತಿಗೆ ಪಾಲಿಕೆಯ ಕಸದ ಗಾಡಿ ಬಂತು. ಚಿಕ್ಕಮಾರಮ್ಮ ಪೊರಕೆ ಹಿಡಿದು ಇಳಿದಳು. ಇಡೀ ಬೀದಿಯಲ್ಲಿ ಬುದ್ಧಿ ನೆಟ್ಟಗಿದ್ದವಳು ಅವಳೊಬ್ಬಳೇ. "ಸರ್ಕೊಳ್ರಪ್ಪ. ಅಮಾಸೆ ಅಮಾಸೆಗೂ ನಿಮ್ ನಿಂಬೆಹಣ್ಣು ಗುಡಿಸೋದೇ ಆಗೈತೆ ನನ್ ಕೆಲ್ಸ. ನಂಗೇನಾಗೈತೆ? ಗುಂಡುಕಲ್ಲಂಗೆ ಇವ್ನಿ" ಅಂದು ಚಿಪ್ಪಿನ ಕಡೆ ಪೊರಕೆ ಚಾಚಿದಳು.

"ಬೇಡಾ! ಗುಡಿಸ್ಬೇಡಾ!" ಬಸವಪ್ರಭು ಕೂಗಿದ ಕೂಗಿಗೆ ಹೊಂಗೆ ಮರದ ಕಾಗೆಗಳೆದ್ದವು. ಕಸದ ಗಾಡಿಗೆ ಬಿದ್ದರೆ ಹೊಸ ಸೆನ್ಸರಿನ ಕಥೆ ಮುಗಿಯಿತಲ್ಲ! ಜನರನ್ನು ಸೀಳಿಕೊಂಡು ಮುಂದೆ ನುಗ್ಗಿ, "ನಾನೇ ಎತ್ತಿ ದೂರ ಹಾಕ್ತೀನಿ, ಎಲ್ರೂ ಮನೇಗೆ ಹೋಗಿ" ಅಂದ.

"ರೀ! ನಿಮಗೇನು ಬಂದಿದೆ?" ಮಧುಶ್ರೀ ಅವನ ಕೈ ಹಿಡಿದೆಳೆದಳು. ಹಿಡಿದವಳು ಆ ಕೈಯನ್ನು ನೋಡಿದಳು. ನಾವೂ ನೋಡಿದೆವು. ಅಂಗೈ ಕೆಂಪು, ಬೆರಳು ಕೆಂಪು, ಮಣಿಕಟ್ಟಿನವರೆಗೂ ಕೆಂಪು.

"ಮುಟ್ಟೇ ಇಲ್ಲ ಕಣ್ರಪ್ಪ!" ದೊಡ್ಡಗಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಮುಟ್ಟೋಕ್ ಮುಂಚೇನೇ ಕೈಗೆ ಬಂದೈತೆ! ಇವನ್ ಮೇಲೇ ಕಣ್ರಪ್ಪ ಮಾಡ್ಸಿರೋದು!"

ಜಯಪ್ರಕಾಶರ ಮುಖ ಬಾಡಿತು. "ಇವನ ಮೇಲಾ? ಇವನತ್ರ ಏನಿದೆ ಅಂತ?" ಅಂತ ಮೆಲ್ಲಗೆ ನನ್ನನ್ನು ಕೇಳಿದರು. ನನಗೂ ಅದೇ ಅನ್ನಿಸಿತ್ತು.

ಆದರೂ ನಮ್ಮದು ಒಳ್ಳೆಯ ಬೀದಿ. ಬಸವಪ್ರಭುವಿಗೆ ಪ್ಲಾಸ್ಟಿಕ್ ಕುರ್ಚಿ ಬಂತು, ಹಣೆ ತುಂಬ ವಿಭೂತಿ ಬಿತ್ತು, ಎರಡೂ ಕಿವಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಕುರ್ಚಿಯಿಂದ ಏಳಲು ಹೋದಾಗಲೆಲ್ಲ ನಾಲ್ಕು ಜನ ಪ್ರೀತಿಯಿಂದ ಒತ್ತಿ ಕೂರಿಸಿದರು. ಮಧುಶ್ರೀ ಪಕ್ಕದಲ್ಲಿ ನಿಂತು ಅಳುತ್ತಿದ್ದಳು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಗುಬ್ಬಿಯಿಂದ ಮಾವ. ಎಂಟು ಗಂಟೆ. ಎಂಟೂ ಐದು. ಅವನಿಗೆ ಎತ್ತುವ ಧೈರ್ಯವಿಲ್ಲ.

ಜಯಪ್ರಕಾಶ್ ಪೊಲೀಸರಿಗೆ ಫೋನು ಮಾಡಿದ್ದರು. ಹೆಡ್ ಕಾನ್‌ಸ್ಟೇಬಲ್ ತಿಮ್ಮೇಶ್ ಬೈಕಿನಲ್ಲಿ ಬಂದವನು ಮೊದಲು ಕೇಳಿದ್ದೇ ಸಿಸಿಟಿವಿ. ಇದೇ ಮೂರು ದಾರಿಗೆಂದು ಸಂಘದವರು ಹಾಕಿಸಿದ ಕ್ಯಾಮೆರಾ ಇತ್ತಲ್ಲ! ಬಸವಪ್ರಭು ಬೆವೆತ. ಜಯಪ್ರಕಾಶ್ ಮೊಬೈಲಿನಲ್ಲಿ ತೆಗೆದು ತೋರಿಸಿದರು. ಬೆಳಗಿನ ಜಾವದಿಂದ ಏಳು ಗಂಟೆಯವರೆಗೂ ಅದರಲ್ಲಿ ಕಂಡಿದ್ದು ಜಯಪ್ರಕಾಶರ ಮನೆಯ ಎರಡನೇ ಮಹಡಿ ಮಾತ್ರ. ಕ್ಯಾಮೆರಾವನ್ನು ಆ ಕಡೆ ತಿರುಗಿಸಿದವರು ಯಾರು ಅಂತ ತಿಮ್ಮೇಶ್ ಕೇಳಲಿಲ್ಲ, ಜಯಪ್ರಕಾಶರೂ ಹೇಳಲಿಲ್ಲ. ಬಸವಪ್ರಭು ಉಸಿರು ಬಿಟ್ಟ.

ತಿಮ್ಮೇಶ್ ಚಿಪ್ಪಿನ ಸುತ್ತ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆದ. ಎಷ್ಟು ದೊಡ್ಡದೆಂದರೆ, ತಾನು ಅದರ ಹತ್ತಿರ ಹೋಗುವ ಅಗತ್ಯ ಬೀಳಬಾರದು, ಅಷ್ಟು ದೊಡ್ಡದು. "ಯಾರೂ ಮುಟ್ಬೇಡಿ. ಸಾಕ್ಷಿ ಹಾಳಾಗ್ತದೆ. ನಾನೂ ಮುಟ್ಟಲ್ಲ" ಅಂದ.

ಎಂಟೂವರೆ ದಾಟಿತು. ಬಸವಪ್ರಭುವಿಗೆ ಇನ್ನು ತಡೆಯಲಾಗಲಿಲ್ಲ. ಮರಕ್ಕೆ ಕಟ್ಟಿದರೂ ಸರಿ, ಮಾವನ ಎದುರು ತಲೆ ತಗ್ಗಿಸುವುದಕ್ಕಿಂತ ಅದೇ ವಾಸಿ ಅನ್ನಿಸಿರಬೇಕು. ಎದ್ದು ನಿಂತು, "ಸಾರ್, ಅದು ಗೊಂಬೆ ಅಲ್ಲ. ಅದು ನಂದು. ಸೆನ್ಸರು" ಅಂದ.

"ಸೆನ್ಸರ್ ಅಂದ್ರೆ ಏನ್ರೀ?" ತಿಮ್ಮೇಶ್ ಪುಸ್ತಕ ತೆಗೆದ.

"ಒಳಗೆ ಎಷ್ಟು ಬಿಸಿ ಇದೆ ಅಂತ ಅದು ಹೇಳುತ್ತೆ ಸಾರ್."

"ಯಾರಿಗೆ ಹೇಳ್ತದೆ?"

"ಕಾರಿಗೆ."

ತಿಮ್ಮೇಶ್ ಬರೆಯುತ್ತ ಗಟ್ಟಿಯಾಗಿ ಓದಿದ: "ಸದರಿ ಗೊಂಬೆಯು ಮಾತನಾಡುತ್ತದೆಂದು ಬಾಧಿತರ ಹೇಳಿಕೆ."

"ಅಯ್ಯೋ, ಅದು ಇವನ್ ಬಾಯಲ್ಲಿ ಮಾತಾಡ್ತಾ ಐತೆ, ಕೂರ್ಸಿ, ಕೂರ್ಸಿ!" ದೊಡ್ಡಗಂಗಮ್ಮ ಇನ್ನೊಂದು ಹಿಡಿ ಬೇವಿನ ಸೊಪ್ಪು ತಂದರು. ಬಸವಪ್ರಭು ಎಷ್ಟು ನಿಜ ಹೇಳಿದನೋ ಅಷ್ಟು ವಿಭೂತಿ ಬಿತ್ತು. ನಾನು ಅವನ ಭುಜ ಒತ್ತಿ ಹಿಡಿದವರಲ್ಲಿ ಒಬ್ಬ. ಆಮೇಲೆ ಅದಕ್ಕೆ ಕ್ಷಮೆ ಕೇಳಿದ್ದೇನೆ.

ಒಂಬತ್ತು ಗಂಟೆಗೆ ಒಂದು ಆಟೋ ಬಂದು ನಿಂತಿತು. ಬಿಳಿ ಪಂಚೆ, ಬಿಳಿ ಜುಬ್ಬ, ಇಸ್ತ್ರಿಯ ಗೆರೆ ಒಂದಿಷ್ಟೂ ಮುರಿದಿಲ್ಲ. ಮಹಾದೇವಯ್ಯನವರು ಇಳಿದು ಕೈಗಡಿಯಾರ ನೋಡಿಕೊಂಡರು.

"ಎಂಟಕ್ಕೆ ಬರ್ತೀನಿ ಅಂದ್ರಿ ಅಳಿಯಂದ್ರೇ. ಎಂಟೂ ಹತ್ತರವರೆಗೆ ಕಾದೆ. ಬಸ್ ಬಂತು, ಹತ್ತಿದೆ." ಅಳಿಯನ ಹಣೆ, ಕಿವಿ, ಕೈ ಎಲ್ಲ ಒಂದು ಸಲ ನೋಡಿದರು. "ಏನಿದು ವೇಷ?"

ಏಳು ಜನ ಒಟ್ಟಿಗೆ ಹೇಳಿದರು. ಅವರು ಯಾರ ಮಾತೂ ಪೂರ್ತಿ ಕೇಳಲಿಲ್ಲ. ನೆಟ್ಟಗೆ ವೃತ್ತದೊಳಗೆ ನಡೆದರು. "ಸ್ವಾಮಿ, ಸ್ವಾಮಿ!" ಅಂತ ತಿಮ್ಮೇಶ್ ಕೂಗುತ್ತಿದ್ದಂತೆ ಬಗ್ಗಿ ಆ ಗೊಂಬೆಯನ್ನು ಬರಿಗೈಯಲ್ಲಿ ಎತ್ತಿಕೊಂಡರು. ದೊಡ್ಡಗಂಗಮ್ಮ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ತಿರುಗಿಸಿ ನೋಡಿ, ಮೂಸಿ, ನಮ್ಮ ಕಡೆ ತಿರುಗಿದರು. ಅವರು ತಿರುಗಿದ ರೀತಿಗೆ ಬೀದಿಯಲ್ಲಿದ್ದವರೆಲ್ಲ ಗೊತ್ತಿಲ್ಲದೆಯೇ ಸಾಲಾಗಿ ನಿಂತೆವು.

"ಇದು ಎಂಜಿನ್ ನೀರಿನ ಬಿಸಿ ಅಳೆಯೋ ಸಾಧನ. ಈ ಕಣ್ಣು ವೈರ್ ಸಿಕ್ಕಿಸೋ ಪಿನ್ನು, ಉಡಿದಾರ ತಾಮ್ರದ ವಾಷರು. ಇದರೊಳಗೆ ಥರ್ಮಿಸ್ಟರ್ ಅಂತ ಇರುತ್ತೆ. ಬಿಸಿ ಹೆಚ್ಚಾದ ಹಾಗೆ ಇದರಲ್ಲಿ ವಿದ್ಯುತ್ ರೋಧ ಏನಾಗುತ್ತೆ?" ಬೆರಳು ತಿಮ್ಮೇಶನ ಕಡೆಗಿತ್ತು. "ನೀವು ಹೇಳಿ."

ತಿಮ್ಮೇಶ್ ಟೋಪಿ ತೆಗೆದ. "ಹೆ... ಹೆಚ್ಚಾಗ್ತದೆ ಸಾರ್."

"ಕಡಿಮೆ ಆಗುತ್ತೆ. ಕೂತ್ಕೊಳ್ಳಿ."

ತಿಮ್ಮೇಶ್ ಕಾಂಪೌಂಡ್ ಗೋಡೆಯ ಮೇಲೆ ಕೂತ.

"ಇದು ಯಾರದು?"

ಬಸವಪ್ರಭು ಕುರ್ಚಿಯಿಂದೆದ್ದು ಕೆಂಪು ಕೈ ಮೇಲೆತ್ತಿದ. "ನಂದು ಮಾವ." ಆಮೇಲೆ ಎಲ್ಲವನ್ನೂ ಹೇಳಿದ. ಸ್ಟೇಜ್ ಮೇಲಿರ್ತಾರೆ ಅಂದಿದ್ದರಿಂದ ಹಿಡಿದು ಹುಣಸೆ ನಾರಿನವರೆಗೆ ಒಂದನ್ನೂ ಬಿಡಲಿಲ್ಲ. "ನೀವು ಶಭಾಷ್ ಅನ್ಬೇಕು ಅಂತ ಉಜ್ಜಿದೆ ಮಾವ" ಅಂದು ಕೈ ಕೆಳಗಿಳಿಸಿದ.

ಮಧುಶ್ರೀ ಕಣ್ಣೊರೆಸಿಕೊಂಡು, "ಅಂದ್ರೆ ನಿಮಗೇನೂ ಆಗಿಲ್ಲ?" ಅಂದಳು.

"ಏನೂ ಆಗಿಲ್ಲ ಕಣೇ."

"ಸಾಕು ಬಿಡಿ," ಅಂದಳು. ಬಾನೆಟ್ಟಿನ ಆಣೆಯ ಸುದ್ದಿಯನ್ನೇ ಎತ್ತಲಿಲ್ಲ. ಅವಳ ಮುಖದಲ್ಲಿ ಅಷ್ಟು ಸಮಾಧಾನವಿತ್ತು.

ಸಮಾಧಾನವಾಗದಿದ್ದವರು ಬೀದಿಯವರು. ಏಳು ಮನೆಯ ಮಾಟ ಒಂದೇ ಮಾತಿಗೆ ಹೊರಟುಹೋಯಿತು. "ಹಂಗಾದ್ರೆ ನನ್ನ ಮೇಲೆ ಯಾರೂ ಏನೂ ಮಾಡ್ಸಿಲ್ವಾ?" ಅಂತ ಜಯಪ್ರಕಾಶ್ ಎರಡು ಸಲ ಕೇಳಿದರು. ನನ್ನ ಮಂಡಿ ನೋವು ಮತ್ತೆ ವಯಸ್ಸಿನ ಲೆಕ್ಕಕ್ಕೇ ಸೇರಿತು. ಚಿಕ್ಕಮಾರಮ್ಮ ನಿಂಬೆಹಣ್ಣನ್ನೂ ಚಿಪ್ಪನ್ನೂ ಗುಡಿಸಿಕೊಂಡು, "ಮೊದ್ಲೇ ಬುಟ್ಟಿದ್ರೆ ನಾಕು ಬೀದಿ ಮುಗ್ಸಿರ್ತಿದ್ದೆ" ಅಂದು ಹೋದಳು.

"ಎಷ್ಟು ಹೊತ್ತಿನ ಕೆಲಸ?" ಮೇಷ್ಟ್ರು ಕೇಳಿದರು.

"ಅರ್ಧ ಗಂಟೆ ಮಾವ."

"ಎಂಜಿನ್ ತಣ್ಣಗಾಗಿದೆಯಾ ನೋಡಿ. ಶುರು ಮಾಡಿ."

ನಾವೆಲ್ಲ ಹಿಂದಿನ ಬೀದಿಯಲ್ಲಿದ್ದ ಕಾರಿನ ಹತ್ತಿರ ಹೋದೆವು. ಹೊಸ ಸೆನ್ಸರನ್ನು ಮೇಷ್ಟ್ರೇ ರವಿಕೆ ಕಣದಲ್ಲಿ ಒರೆಸಿ ಒರೆಸಿ ಕೊಟ್ಟರು. ಅವನು ಹಳೆಯದನ್ನು ಬಿಚ್ಚಿದ, ಮಧುಶ್ರೀ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಳು, ಹೊಸದು ಕೂತಿತು. "ನಿಧಾನ. ಹಿತ್ತಾಳೆ ಅದು, ಜಾಸ್ತಿ ಬಿಗಿ ಮಾಡಿದ್ರೆ ತಿರುಪಿನ ಗೆರೆ ಹಾಳಾಗುತ್ತೆ" ಅನ್ನುವುದನ್ನು ಬಿಟ್ಟು ಮೇಷ್ಟ್ರು ಬೇರೇನೂ ಹೇಳಲಿಲ್ಲ. ಕ್ಯಾನಿನಲ್ಲಿ ಉಳಿದಿದ್ದ ಕೂಲೆಂಟ್ ಹುಯ್ದರು. ಬಸವಪ್ರಭು ಕೀ ತಿರುಗಿಸಿದ.

ಮುಳ್ಳು ಕೆಳಗೇ ಮಲಗಿತ್ತು. ಫ್ಯಾನು ಸುಮ್ಮನಿತ್ತು. ಕಿಟಕಿಗೊಬ್ಬರಂತೆ ಬೀದಿಯೆಲ್ಲ ಬಗ್ಗಿ ನೋಡುತ್ತಿತ್ತು. ಐದು ನಿಮಿಷಕ್ಕೆ ಮುಳ್ಳು ಮೆಲ್ಲಗೆ ಎದ್ದು, ಅರ್ಧಕ್ಕೆ ಬಂದು, ಅಲ್ಲೇ ಕೂತಿತು. "ನಿಂತ್ಕೊಂತು!" ಅಂತ ಮೊದಲು ಕೂಗಿದವನು ತಿಮ್ಮೇಶ್. ನಾವೆಲ್ಲ ಚಪ್ಪಾಳೆ ತಟ್ಟಿದೆವು. ದೊಡ್ಡಗಂಗಮ್ಮ ಮಾತ್ರ ಯಾವುದಕ್ಕೂ ಇರಲಿ ಅಂತ ಕಾರಿಗೆ ಬೇವಿನ ಸೊಪ್ಪಿನಲ್ಲಿ ಮೂರು ಸಲ ನೀವಾಳಿಸಿದರು. ಬಸವಪ್ರಭು ಮುಖ ತೊಳೆದು, ಶರಟು ಬದಲಾಯಿಸಿ ಬಂದ. ಕೈ ಮಾತ್ರ ಕೆಂಪಾಗೇ ಉಳಿಯಿತು.

ಒಂಬತ್ತು ಮುಕ್ಕಾಲಿಗೆ ಹೊರಟೆವು. ಹೊರಟೆವು ಅಂದೆ, ಯಾಕೆಂದರೆ ಮಧುಶ್ರೀ ನನ್ನನ್ನೂ ಹತ್ತಿಸಿಕೊಂಡಿದ್ದಳು. "ದಾರೀಲಿ ನಿಂತ್ರೆ ತಳ್ಳೋಕೆ ಒಬ್ರು ಬೇಕಲ್ಲ ಅಂಕಲ್" ಅಂದಳು. ಹೆಬ್ಬೂರು ದಾಟುವವರೆಗೂ ಕಾರಿನಲ್ಲಿ ನಾಲ್ಕು ಜೊತೆ ಕಣ್ಣುಗಳಿದ್ದವು, ಒಂದೂ ರಸ್ತೆ ನೋಡುತ್ತಿರಲಿಲ್ಲ. ಮುಳ್ಳು ಅಲ್ಲಾಡಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕುಣಿಗಲ್ ಕೆರೆ ಕಂಡಿತು. ಬಸವಪ್ರಭು ಸ್ಟೀರಿಂಗಿಗೆ ಹಣೆ ಹಚ್ಚಿ ನಮಸ್ಕಾರ ಮಾಡಲು ಹೋದ, ಮಧುಶ್ರೀ ತಲೆ ಹಿಡಿದೆತ್ತಿದಳು.

ಕಲ್ಯಾಣ ಮಂಟಪದ ಮುಂದೆ ಮೇಷ್ಟ್ರ ಹಳೆಯ ಫೋಟೋ ಇರುವ ದೊಡ್ಡ ಬ್ಯಾನರ್ ಇತ್ತು. ಒಳಗೆ ಇನ್ನೂರು ಕುರ್ಚಿ ಇದ್ದವು. ಅಡುಗೆಯವರು ಇದ್ದರು. ಶಿಷ್ಯ ಅನ್ನುವವನು ಒಬ್ಬನೂ ಇರಲಿಲ್ಲ.

ಹನ್ನೊಂದಾಯಿತು. ಹನ್ನೊಂದೂ ಹತ್ತಾಯಿತು. ಮೇಷ್ಟ್ರು ಬಾಗಿಲ ಬಳಿ ಒಂದು ಕುರ್ಚಿಯಲ್ಲಿ ಕೂತರು. ಬಸವಪ್ರಭು ತಂದುಕೊಟ್ಟ ನೀರನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ತುಂಬ ಮೆಲ್ಲಗೆ ಅಂದರು: "ನಾನು ಭಾಳ ಹೊಡೆದಿದೀನಿ ಅಳಿಯಂದ್ರೇ."

ಬಸವಪ್ರಭು ಪಕ್ಕದಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತ.

"ಒಂದು ವಾರದಿಂದ ನಿದ್ದೆ ಇಲ್ಲ. ಇವರ ಮುಖ ಹೆಂಗೆ ನೋಡೋದು ಅಂತ. ಬೆಳಿಗ್ಗೆ ನೀವು ಬರ್ಲಿಲ್ಲವಲ್ಲ, ಹೋಗದೆ ಇರೋಕೆ ಒಂದು ನೆಪ ಸಿಕ್ತು ಅಂತ ಒಂದು ಗಳಿಗೆ ಖುಷಿಯಾಯ್ತು. ಆಮೇಲೆ ನಾಚಿಕೆ ಆಗಿ ಬಸ್ ಹತ್ತಿದೆ." ನೀರಿನ ಲೋಟ ಕೆಳಗಿಟ್ಟರು. "ನಡೀರಿ. ಯಾರೂ ಬರಲ್ಲ."

ಅವರು ಏಳುವುದಕ್ಕೂ ಹೊರಗೆ ಕಾರುಗಳು ಕಿರ್ರೆಂದು ನಿಲ್ಲುವುದಕ್ಕೂ ಸರಿಹೋಯಿತು. ಒಂದಲ್ಲ, ಹನ್ನೊಂದು ಕಾರು, ಒಂದು ಮಿನಿ ಬಸ್ಸು. ಬಕ್ಕತಲೆಯವರು, ಹೊಟ್ಟೆ ಬಂದವರು, ರೇಷ್ಮೆ ಸೀರೆ ಉಟ್ಟವರು, ಎಲ್ಲರೂ ಏದುಸಿರು ಬಿಡುತ್ತ ಓಡಿ ಬಂದು ಬಾಗಿಲಲ್ಲಿ ಮೇಷ್ಟ್ರನ್ನು ಕಂಡು ಗಕ್ಕನೆ ನಿಂತರು. ಮುಂದಿದ್ದ ಒಬ್ಬ ದಪ್ಪನೆಯ ಮನುಷ್ಯ ಉಸಿರು ಸಾಲದೆ ಹೇಳಿದ:

"ಗುಬ್ಬಿಗೆ ಹೋಗಿದ್ವಿ ಸಾರ್. ಅಳಿಯಂದ್ರ ಕಾರಲ್ಲಿ ಬರ್ತೀನಿ ಅಂದಿದ್ರಿ. ಆದ್ರೂ ಎಲ್ರೂ ಒಟ್ಟಿಗೆ ಮನೆ ಬಾಗ್ಲಿಗೇ ಬಂದು ಕರ್ಕೊಂಡು ಬರೋಣ, ಸಾರ್‌ಗೆ ಹೇಳೋದು ಬೇಡ ಅಂದ್ಕೊಂಡ್ವಿ. ಬಂದು ನೋಡಿದ್ರೆ ಬೀಗ. ಪಕ್ಕದ ಮನೆಯೋರು, ಕಾದು ಕಾದು ಬಸ್ಸಲ್ಲಿ ಹೋದ್ರು ಅಂದ್ರು ಸಾರ್. ನಾವು ಬರೋದು ಹೆಂಗೋ ಗೊತ್ತಾಗಿ ನಮಗೇ ಕಾದ್ರೇನೋ, ನಾವೇ ಲೇಟು ಮಾಡಿ ನಿಮ್ಮನ್ನ ಬಸ್ ಹತ್ತಿಸಿದ್ವಲ್ಲ ಅಂತ ದಾರಿ ಪೂರ್ತಿ..." ತಲೆ ತಗ್ಗಿಸಿದ. "ಲೇಟಾಯ್ತು ಸಾರ್."

ಯಾರೂ ಹೊಸ್ತಿಲು ದಾಟಲಿಲ್ಲ. ಯಾರೂ ಹೇಳದಿದ್ದರೂ ಹೊರಗೆ ಉದ್ದಕ್ಕೂ ಸಾಲು ನಿಂತಿತು. ಆ ದಪ್ಪನೆಯ ಮನುಷ್ಯ, ಮೂರು ಮಕ್ಕಳ ತಂದೆಯೋ ಏನೋ, ಬಲಗೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿಕೊಂಡ.

ಮಹಾದೇವಯ್ಯನವರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ. "ಬಂದ್ರಲ್ಲೋ," ಅಂದರು. ಇಸ್ತ್ರಿ ಮಾಡಿದ ಜುಬ್ಬದ ಮುಂಭಾಗ ಒದ್ದೆಯಾಗುತ್ತಿತ್ತು. "ಬಂದ್ರಲ್ಲೋ, ಬಂದ್ರಲ್ಲ."

ಹಿಂದೆ ಸಾಲಿನಲ್ಲಿದ್ದವರೆಲ್ಲ ಕೈ ಚಾಚಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು.